ಕೊಲಿಮಾದ ಮಣ್ಣಿನ ನಾಯಿ ಸತ್ತವರಿಗೆ ದಾರಿ ತೋರುತ್ತಿತ್ತೇ?

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ಲಾಸ್ ಏಂಜಲೀಸಿನ ಒಂದು ವಸ್ತುಸಂಗ್ರಹಾಲಯದಲ್ಲಿ ಕೆಂಪು ಮಣ್ಣಿನಿಂದ ಮಾಡಿದ ದುಂಡುಹೊಟ್ಟೆಯ ನಾಯಿಗಳನ್ನು ನೋಡಿದೆ. ಒಂದು ನಾಯಿಯ ಮುಖದ ಮೇಲೆ ಮನುಷ್ಯನ ಮುಖವಾಡವಿತ್ತು. ಇವು ಮೆಕ್ಸಿಕೋದ ಎರಡು ಸಾವಿರ ವರ್ಷ ಹಳೆಯ ಗೋರಿಗಳಲ್ಲಿ ಸಿಕ್ಕವೆಂದೂ ಸತ್ತವರ ಆತ್ಮವನ್ನು ನದಿ ದಾಟಿಸಲು ನಾಯಿಯನ್ನು ಜೊತೆಗಿಡುತ್ತಿದ್ದರೆಂದೂ ಅಲ್ಲಿ ವಿವರಿಸಿದವರು ಹೇಳಿದರು. ಅಳಿಯ ಮಾತ್ರ, ಅವರು ನಾಯಿಯನ್ನು ತಿನ್ನುತ್ತಿದ್ದರು, ಇದು ಸತ್ತವರಿಗೆ ಇಟ್ಟ ಎಡೆ ಎಂದು ವಾದಿಸಿದ. ಯಾವುದು ಸರಿ? ಅಲ್ಲಿದ್ದ, ಮಗುವನ್ನು ಎತ್ತಿಕೊಂಡ ಹೆಂಗಸರ ಬೊಂಬೆಗಳು ಮಾತೃದೇವತೆಯರೇ? ಇಂಥದೇ ಒಂದು ನಾಯಿ ಆನ್‌ಲೈನಿನಲ್ಲಿ ಮಾರಾಟಕ್ಕಿದೆ. ಕೊಳ್ಳಬಹುದೇ?

ಉತ್ತರ: ನಿಮಗೆ ವಿವರಿಸಿದವರು ಹೇಳಿದ ಕಥೆ ಕಟ್ಟುಕಥೆಯಲ್ಲ, ನಿಮ್ಮ ಅಳಿಯನ ಮಾತೂ ಸುಳ್ಳಲ್ಲ. ಆದರೆ ಇವೆರಡಕ್ಕೂ ಇರುವ ಲಿಖಿತ ಆಧಾರ ಆ ಗೋರಿಗಳ ಕಾಲದ್ದಲ್ಲ. ಅದು ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ, ಬೇರೆ ಸೀಮೆಯ, ಬೇರೆ ಭಾಷೆಯ ಜನರಿಂದ ಬಂದದ್ದು. ಈ ಅಂತರವನ್ನು ಮರೆತು ಉತ್ತರ ಹೇಳಿದರೆ ಮಾತು ಸೊಗಸಾಗಿರುತ್ತದೆ, ತಿಳಿವಳಿಕೆ ಹೆಚ್ಚುವುದಿಲ್ಲ. ಆದ್ದರಿಂದ ಮೊದಲು ಆ ಗೋರಿಗಳನ್ನೇ ನೋಡೋಣ.

ನೀವು ಕಂಡ ನಾಯಿಗಳು ಮೆಕ್ಸಿಕೋದ ಪಶ್ಚಿಮ ಕರಾವಳಿಗೆ ಹೊಂದಿಕೊಂಡ ಕೊಲಿಮಾ ರಾಜ್ಯದವು. ಕೊಲಿಮಾ, ಅದರ ಉತ್ತರಕ್ಕಿರುವ ಹಲಿಸ್ಕೊ ಮತ್ತು ನಯರೀತ್ ಎಂಬ ಮೂರು ರಾಜ್ಯಗಳ ಸೀಮೆಯಲ್ಲಿ ಸುಮಾರು ಕ್ರಿ.ಪೂ. 300ರಿಂದ ಕ್ರಿ.ಶ. 400ರವರೆಗೆ ಜನರು ತಮ್ಮ ಮುಖ್ಯಸ್ಥರನ್ನೂ ಅವರ ಮನೆಯವರನ್ನೂ ನೆಲದಾಳದ ಕೋಣೆಗಳಲ್ಲಿ ಹೂಳುತ್ತಿದ್ದರು. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜೋಳ ತುಂಬಿಡುತ್ತಿದ್ದ ಹಗೇವನ್ನು ನೋಡಿದವರಿಗೆ ಇದರ ಆಕಾರ ಬೇಗ ಹೊಳೆಯುತ್ತದೆ: ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದಾದ ಬಾಯಿ, ಕೆಳಗೆ ವಿಶಾಲವಾದ ಗವಿ. ವ್ಯತ್ಯಾಸವೆಂದರೆ ಇಲ್ಲಿ ಬಾಯಿಯಿಂದ ನೇರವಾಗಿ ಕೆಳಗಿಳಿದು, ತಳದಲ್ಲಿ ಪಕ್ಕಕ್ಕೆ ತಿರುಗಿ ಕೋಣೆಯನ್ನು ಹೊಗಬೇಕು. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಉಂಟಾದ, ಅಲ್ಲಿನವರು ತೆಪೆತಾತೆ ಎಂದು ಕರೆಯುವ ನೆಲದಲ್ಲಿ ಇವನ್ನು ಕೊರೆದಿದ್ದಾರೆ. ಆ ನೆಲ ಕಲ್ಲಿನ ಉಪಕರಣಕ್ಕೆ ಬಗ್ಗುವಷ್ಟು ಮೆದು, ಕುಸಿಯದೆ ನಿಲ್ಲುವಷ್ಟು ಗಟ್ಟಿ. ಕೆಲವು ಬಾವಿಗಳು ಮೂರು ನಾಲ್ಕು ಮೀಟರ್ ಆಳದವು, ಹಲಿಸ್ಕೊದ ಎಲ್ ಅರೆನಾಲ್‌ನದು ಹದಿನೈದು ಮೀಟರಿಗೂ ಹೆಚ್ಚು. ಪುರಾತತ್ವಜ್ಞರು ಇವನ್ನು ಬಾವಿಗೋರಿಗಳೆಂದೇ ಕರೆಯುತ್ತಾರೆ.

ಇನ್ನು ನಾಯಿ. ಕೊಲಿಮಾದ ಒಳ್ಳೆಯ ನಾಯಿಯೊಂದನ್ನು ಹತ್ತಿರದಿಂದ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಅದರ ಮೈಯ ಹೊಳಪು. ಟೊಳ್ಳಾಗಿ ಕಟ್ಟಿದ ಮಣ್ಣಿನ ದೇಹದ ಮೇಲೆ ಕೆಂಪು ಜೇಡಿಯ ತೆಳುವಾದ ನೀರನ್ನು ಬಳಿದು, ಅರೆ ಒಣಗಿದಾಗ ನುಣುಪುಗಲ್ಲಿನಿಂದ ಉಜ್ಜಿ ಉಜ್ಜಿ, ಆಮೇಲೆ ಬಯಲು ಬೆಂಕಿಯಲ್ಲಿ ಸುಟ್ಟಿದ್ದಾರೆ. ಇದಕ್ಕೆ ಗಾಜಿನ ಮೆರುಗು ಹಾಕಿಲ್ಲ, ಹೊಳೆಯುವುದೆಲ್ಲ ಉಜ್ಜಿದ ಕೈಯ ಶ್ರಮ. ಸಾಮಾನ್ಯವಾಗಿ ಬಾಲದಲ್ಲೋ ನೆತ್ತಿಯ ಮೇಲೋ ಒಂದು ಕೊಳವೆಯಂಥ ಬಾಯಿ ಇರುತ್ತದೆ, ಅಂದರೆ ಈ ನಾಯಿ ಬೊಂಬೆಯೂ ಹೌದು, ದ್ರವ ಹಾಕಿಡುವ ಪಾತ್ರೆಯೂ ಹೌದು. ಕೆಲವು ನಾಯಿಗಳು ಬಾಯಲ್ಲಿ ಮೆಕ್ಕೆಜೋಳದ ತೆನೆ ಕಚ್ಚಿಕೊಂಡಿವೆ, ಕೆಲವು ಜೊತೆಯಾಗಿ ನಿಂತು ಕುಣಿಯುವಂತಿವೆ, ಒಂದಷ್ಟು ಸುರುಳಿ ಸುತ್ತಿಕೊಂಡು ಮಲಗಿವೆ. ಮೈಮೇಲೆ ಅಲ್ಲಲ್ಲಿ ಶಾಯಿ ಚಿಮುಕಿಸಿದಂಥ ಕಪ್ಪು ಚುಕ್ಕೆಗಳನ್ನು ನೀವು ಗಮನಿಸಿರಬಹುದು. ಆ ಚುಕ್ಕೆಗಳ ವಿಷಯ ಕೊನೆಯಲ್ಲಿ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ನದಿ ದಾಟಿಸುವ ನಾಯಿಯ ಕಥೆ ಬಂದದ್ದು 16ನೇ ಶತಮಾನದ ಬರ್ನಾರ್ದಿನೊ ದೆ ಸಹಗುನ್ ಎಂಬ ಸ್ಪೇನಿನ ಪಾದ್ರಿಯ ಬರಹದಿಂದ. ಮಧ್ಯ ಮೆಕ್ಸಿಕೋದ, ಅಜ್ಟೆಕರೂ ಸೇರಿದ ನಾವಾ ಜನರ ಹಿರಿಯರಿಂದ ಅವರ ಭಾಷೆಯಲ್ಲಿಯೇ ಕೇಳಿ ಬರೆಸಿದ ಆತನ ಮಹಾಸಂಪುಟದಲ್ಲಿ ಸತ್ತವರ ಪಯಣದ ವರ್ಣನೆಯಿದೆ. ಸಾಮಾನ್ಯ ಸಾವು ಕಂಡವನು ಪಾತಾಳವಾದ ಮಿಕ್ತ್ಲಾನ್‌ಗೆ ನಾಲ್ಕು ವರ್ಷ ನಡೆಯಬೇಕು. ಕೊನೆಯಲ್ಲಿ ಅಗಲವಾದ ನದಿಯೊಂದು ಅಡ್ಡ ಬರುತ್ತದೆ, ಅದನ್ನು ನಾಯಿಯ ಬೆನ್ನೇರಿಯೇ ದಾಟಬೇಕು. ಬಿಳಿಯ ನಾಯಿ, ಈಗಷ್ಟೇ ಮೈ ತೊಳೆದುಕೊಂಡೆ ಎಂದು ಹಿಂದೆ ಸರಿಯುತ್ತದೆ. ಕರಿಯ ನಾಯಿ, ಈಗಷ್ಟೇ ಮೈಗೆ ಮಸಿಯಾಯಿತು ಎನ್ನುತ್ತದೆ. ಒಡೆಯನನ್ನು ಹೊತ್ತು ದಾಟಿಸುವುದು ಹಳದಿಯ ನಾಯಿ ಮಾತ್ರ. ಕಥೆ ಎಷ್ಟು ಚೆನ್ನಾಗಿದೆಯೆಂದರೆ, ಯಾವ ಪ್ರದರ್ಶನದಲ್ಲಿ ಕೊಲಿಮಾದ ನಾಯಿ ಕಂಡರೂ ಅದರ ಪಕ್ಕದಲ್ಲಿ ಇದನ್ನೇ ಹೇಳುವ ಆಸೆಯಾಗುತ್ತದೆ.

ಆದರೆ ವಿವರಗಳನ್ನು ಎದುರುಬದುರು ಇಟ್ಟು ನೋಡಿ. ಸಹಗುನ್ ಬರೆದಿರುವುದು ಜೀವಂತ ನಾಯಿಯ ಬಗ್ಗೆ. ಅದರ ಕೊರಳಿಗೆ ಹತ್ತಿಯ ದಾರ ಕಟ್ಟಿ, ಕೊಂದು, ಒಡೆಯನ ಹೆಣದ ಜೊತೆಗೆ ಸುಡುತ್ತಿದ್ದರು. ಬಾವಿಗೋರಿಯ ಜನರು ಸುಡಲಿಲ್ಲ, ಹೂಳಿದರು. ಸಹಗುನ್‌ನ ನಾಯಿ ಬೂದಿಯಾಯಿತು, ಇವರ ನಾಯಿ ಮಣ್ಣಿನದು, ಅದೂ ಪಾನೀಯ ತುಂಬುವ ಪಾತ್ರೆ. ನಡುವೆ ಸಾವಿರಕ್ಕೂ ಹೆಚ್ಚು ವರ್ಷಗಳ ಅಂತರವಿದೆ. ಹಾಗೆಂದು ಸಂಬಂಧವೇ ಇಲ್ಲವೆಂದು ನಾನು ಹೇಳುವುದಿಲ್ಲ. ಗ್ವಾನಾಹ್ವಾತೊ ರಾಜ್ಯದ ಚುಪಿಕ್ವಾರೊದಲ್ಲಿ, ಹೆಚ್ಚುಕಡಿಮೆ ಈ ಗೋರಿಗಳ ಕಾಲದಲ್ಲಿಯೇ, ಮನುಷ್ಯರ ಸ್ಮಶಾನದಲ್ಲಿ ನಾಯಿಗಳನ್ನೂ ಹೂಳಿದ್ದಾರೆ. ಸಾವಿಗೂ ನಾಯಿಗೂ ಅಲ್ಲಿ ಹಳೆಯ ನಂಟಿದೆ ಎನ್ನುವುದಕ್ಕೆ ಅಷ್ಟು ಸಾಕು. ನದಿ, ಬಣ್ಣ, ನಾಲ್ಕು ವರ್ಷ ಎಂಬ ವಿವರಗಳನ್ನು ಮಾತ್ರ ಕೊಲಿಮಾದ ಗೋರಿಗೆ ಹೊರಿಸಬಾರದು.

ಅಳಿಯನ ವಾದಕ್ಕೂ ಸಾಕ್ಷಿ ಬಲವಾಗಿದೆ, ತಡವಾಗಿಯೂ ಇದೆ. ತಿನ್ನಲೆಂದೇ ಸಾಕಿದ, ಬೀಜ ಒಡೆದ ಸಣ್ಣ ನಾಯಿಗಳನ್ನು ಅಜ್ಟೆಕ್ ರಾಜಧಾನಿಯ ಸಂತೆಯಲ್ಲಿ ಮಾರುತ್ತಿದ್ದರೆಂದು, ಆ ರಾಜ್ಯವನ್ನು ಗೆದ್ದ ಸ್ಪೇನಿನ ದಂಡನಾಯಕ ಎರ್ನಾನ್ ಕೊರ್ತೆಸ್ 1520ರ ಪತ್ರದಲ್ಲಿ ಸ್ಪೇನಿನ ದೊರೆಗೆ ಬರೆದಿದ್ದಾನೆ. ಅಕೊಲ್ಮಾನ್ ಎಂಬ ಊರು ನಾಯಿಸಂತೆಗೇ ಹೆಸರಾಗಿತ್ತೆಂದು ದಿಯೆಗೊ ದುರಾನ್ ಎಂಬ ಪಾದ್ರಿ ಹೇಳುತ್ತಾನೆ. ಕುರಿ, ಹಸು, ಹಂದಿಗಳಿಲ್ಲದ ಆ ನೆಲದಲ್ಲಿ ಹಬ್ಬದ ಮಾಂಸವೆಂದರೆ ನಾಯಿ ಮತ್ತು ಟರ್ಕಿ ಕೋಳಿ. ಕೊಲಿಮಾದ ಮಣ್ಣಿನ ನಾಯಿಗಳ ಗಿಡ್ಡ ಕಾಲು, ತುಂಬಿದ ಹೊಟ್ಟೆ, ಬಾಯಲ್ಲಿ ಕಚ್ಚಿದ ತೆನೆ ಇವೆಲ್ಲ ಮೇಯಿಸಿ ಕೊಬ್ಬಿಸಿದ ಪ್ರಾಣಿಯನ್ನೇ ಸೂಚಿಸುತ್ತವೆ. ಅಂಗಡಿಗಳಲ್ಲಿ ಇವನ್ನೆಲ್ಲ ಶೊಲೊ ತಳಿಯ ಕೂದಲಿಲ್ಲದ ನಾಯಿ ಎಂದು ಮಾರುತ್ತಾರೆ. ಎಷ್ಟೋ ಬೊಂಬೆಗಳ ಮಟ್ಟಿಗೆ ಆ ಗುರುತು ಖಚಿತವಲ್ಲ.

ನನ್ನ ಅಭಿಪ್ರಾಯದಲ್ಲಿ, ಎಡೆಯೋ ದಾರಿಗಾರನೋ ಎಂಬ ಆಯ್ಕೆಯೇ ಸರಿಯಿಲ್ಲ. ಹಬ್ಬಕ್ಕೆ ಕಡಿಯುವ ಪ್ರಾಣಿ, ಮನೆಯ ಅಂಗಳದಲ್ಲಿ ಬೆಳೆದ ಪ್ರಾಣಿ, ದೊಡ್ಡವರ ಔತಣದಲ್ಲಿ ಪಾನೀಯ ತುಂಬಿ ತರುವ ಪಾತ್ರೆಯ ಆಕಾರ, ಇವೆಲ್ಲ ಒಂದೇ ವಸ್ತುವಾಗಿರಲು ಅಡ್ಡಿಯೇನಿಲ್ಲ.

ಮುಖವಾಡದ ನಾಯಿಯ ವಿಷಯದಲ್ಲಿ ನನಗೆ ನಾವಾ ಕಥೆಗಿಂತ ಹತ್ತಿರವೆನಿಸುವುದು ಅದೇ ಸೀಮೆಯ ಬೆಟ್ಟಗಳಲ್ಲಿ ಇಂದಿಗೂ ಬದುಕಿರುವ ವಿಶಾರಿಕಾ ಜನರ ಕಥೆ. ಇವರನ್ನು ಹೊರಗಿನವರು ಹ್ವಿಚೊಲ್ ಎನ್ನುತ್ತಾರೆ. ಮಹಾಪ್ರಳಯದಲ್ಲಿ ಉಳಿದವನು ಒಬ್ಬ ಗಂಡಸು ಮತ್ತು ಅವನ ಜೊತೆಗೆ ಒಂದು ಕರಿಯ ಹೆಣ್ಣುನಾಯಿ. ಅವನು ದಿನವೂ ಹೊಲದಿಂದ ಬರುವಷ್ಟರಲ್ಲಿ ರೊಟ್ಟಿ ಬೆಂದಿರುತ್ತದೆ. ಒಂದು ದಿನ ಅಡಗಿ ನೋಡಿದರೆ ನಾಯಿ ತನ್ನ ತೊಗಲನ್ನು ಕಳಚಿಟ್ಟು ಹೆಣ್ಣಾಗಿ ಜೋಳ ಅರೆಯುತ್ತಿದೆ. ಅವನು ಆ ತೊಗಲನ್ನು ಬೆಂಕಿಗೆಸೆಯುತ್ತಾನೆ, ಅವಳು ನಾಯಿಯಂತೆ ಕುಂಯ್‌ಗುಡುತ್ತಾಳೆ, ಅವಳ ಮೇಲೆ ಜೋಳದ ಹಿಟ್ಟಿನ ನೀರು ಸುರಿದಾಗ ಹೆಣ್ಣಾಗಿಯೇ ಉಳಿಯುತ್ತಾಳೆ. ಮನುಷ್ಯಕುಲ ಹುಟ್ಟಿದ್ದು ಅವರಿಬ್ಬರಿಂದ. ಇದೂ ನಂತರದ ಕಾಲದ ಕಥೆಯೇ, ಆದ್ದರಿಂದ ಮೇಲೆ ನಾನೇ ಹಾಕಿದ ಎಚ್ಚರಿಕೆ ಇದಕ್ಕೂ ಅನ್ವಯಿಸುತ್ತದೆ. ಆದರೂ ನಾಯಿಯ ಮುಖದ ಮೇಲೆ ಮನುಷ್ಯನ ಮುಖ ಇಟ್ಟ ಕುಂಬಾರನಿಗೆ ನಾಯಿ ಮತ್ತು ಮನುಷ್ಯರ ನಡುವಿನ ಗೆರೆ ನಮಗಿರುವಷ್ಟು ದಪ್ಪವಾಗಿರಲಿಲ್ಲ ಎಂದು ಊಹಿಸಲು ಈ ಕಥೆ ನೆರವಾಗುತ್ತದೆ.

ಹೀಗೆ ಕಥೆಗಳನ್ನು ಹಿಡಿದು ತಡಕಾಡಬೇಕಾಗಿ ಬಂದದ್ದು ಏಕೆಂದರೆ, ಗೋರಿಗಳೇ ನಮ್ಮ ಕೈತಪ್ಪಿ ಹೋಗಿವೆ. ಪಶ್ಚಿಮ ಮೆಕ್ಸಿಕೋದಲ್ಲಿ ಇಂಥ ಬೊಂಬೆಗೆ ಮೊನೊ ಎನ್ನುತ್ತಾರೆ, ಅದನ್ನು ಅಗೆದು ಮಾರುವವನು ಮೊನೆರೊ. ನಮ್ಮ ನಿಧಿಗಳ್ಳರ ಕಸುಬೇ ಅದು: ಉದ್ದನೆಯ ಕಬ್ಬಿಣದ ಸರಳನ್ನು ನೆಲಕ್ಕೆ ಚುಚ್ಚುತ್ತ ಹೋಗುವುದು, ಮಣ್ಣು ಸಡಿಲವಾಗಿದ್ದರೆ ಅಲ್ಲಿ ಬಾವಿ ತುಂಬಿದ ಜಾಗವೆಂದು ತಿಳಿಯುವುದು, ರಾತ್ರೋರಾತ್ರಿ ಅಗೆಯುವುದು. ಬೊಂಬೆ ಮಾರುಕಟ್ಟೆಗೆ ಹೋಗುತ್ತದೆ, ಎಲುಬು ಚೆಲ್ಲಾಪಿಲ್ಲಿಯಾಗುತ್ತದೆ, ಯಾವ ಬೊಂಬೆ ಯಾರ ತಲೆಯ ಬಳಿ ಇತ್ತು, ಯಾವುದರ ಜೊತೆಗಿತ್ತು ಎಂಬುದು ಅಲ್ಲಿಗೆ ಮುಗಿಯುತ್ತದೆ. ಶೈಲಿಗಳ ಹೆಸರುಗಳಲ್ಲಿ ಕೂಡ ಮಾರುಕಟ್ಟೆಯ ಗುರುತು ಉಳಿದಿದೆ. ನಯರೀತ್‌ನ ಒಂದು ಬಗೆಯ ಬೊಂಬೆಗಳ ಓರೆಗಣ್ಣು ಚೀನೀಯರಂತಿದೆಯೆಂದು ವ್ಯಾಪಾರಿಗಳು ಚಿನೆಸ್ಕೊ ಎಂದು ಕರೆದರು, ಚೀನಾದೊಡನೆ ಏನೇನೂ ಸಂಬಂಧವಿಲ್ಲದ ಆ ಹೆಸರನ್ನೇ ವಿದ್ವಾಂಸರು ಇಂದಿಗೂ ಬಳಸುತ್ತಿದ್ದಾರೆ.

ಸಂದರ್ಭ ಕಳೆದುಕೊಂಡ ವಸ್ತುವಿಗೆ ಪ್ರತಿಯೊಂದು ತಲೆಮಾರೂ ತನಗೆ ಬೇಕಾದ ಅರ್ಥ ಕೊಟ್ಟಿತು. ಚಿತ್ರಕಾರ ದಿಯೆಗೊ ರಿವೆರಾ 1957ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಹತ್ತಾರು ಸಾವಿರ ಪ್ರಾಚೀನ ವಸ್ತುಗಳನ್ನು ಕೂಡಿಹಾಕಿದ್ದ, ಅವುಗಳಲ್ಲಿ ಪಶ್ಚಿಮದ ಬೊಂಬೆಗಳು ಬಹಳ. ಅವು ಇಂದು ಮೆಕ್ಸಿಕೋ ನಗರದ ಅನಾವಾಕಾಯಿ ಸಂಗ್ರಹಾಲಯದಲ್ಲಿವೆ. ಅವನ ಕಾಲದವರಿಗೆ ಈ ಬೊಂಬೆಗಳು ದೇವರ ಗೊಡವೆಯಿಲ್ಲದ ಹಳ್ಳಿಗರ ದಿನನಿತ್ಯದ ಚಿತ್ರಗಳಾಗಿದ್ದವು. 1960ರ ದಶಕದಲ್ಲಿ ಪೀಟರ್ ಫರ್ಸ್ಟ್ ಎಂಬ ಮಾನವಶಾಸ್ತ್ರಜ್ಞ ವಿಶಾರಿಕಾ ಜನರ ಆಚರಣೆಗಳನ್ನು ಆಧಾರವಾಗಿಟ್ಟುಕೊಂಡು ಇದನ್ನು ತಿರುಗಿಸಿ ಹಾಕಿದ: ಹಣೆಯ ಮೇಲೆ ಕೊಂಬಿರುವ, ಆಯುಧ ಹಿಡಿದು ನಿಂತ ಬೊಂಬೆಗಳು ಸಾಮಾನ್ಯ ಯೋಧರಲ್ಲ, ಸತ್ತವರನ್ನು ದುಷ್ಟಶಕ್ತಿಗಳಿಂದ ಕಾಯುವ ಮಾಂತ್ರಿಕ ವೈದ್ಯರು ಎಂದ. ಆಮೇಲೆ ಮಾರ್ಕ್ ಮಿಲ್ಲರ್ ಗ್ರಹಾಂ ಎಂಬ ವಿದ್ವಾಂಸ ಆ ಕೊಂಬು ಶಂಖದ ತುದಿಯಿರಬೇಕು, ಅದು ಆಳುವವರ ಲಾಂಛನ ಎಂದು ವಾದಿಸಿದ. ಒಂದೇ ಬೊಂಬೆ ರೈತನಾಯಿತು, ಮಾಂತ್ರಿಕನಾಯಿತು, ಅರಸನಾಯಿತು.

ಈ ಓಲಾಟಕ್ಕೆ ಸ್ವಲ್ಪ ನೆಲೆ ಸಿಕ್ಕಿದ್ದು 1993ರಲ್ಲಿ. ಹಲಿಸ್ಕೊದ ವಿತ್ಸಿಲಾಪಾ ಎಂಬಲ್ಲಿ ಪುರಾತತ್ವಜ್ಞರಾದ ಹೊರ್ಹೆ ರಾಮೋಸ್ ಮತ್ತು ಲೊರೆನ್ಸಾ ಲೋಪೆಸ್ ಮೆಸ್ತಾಸ್ ಅವರ ತಂಡಕ್ಕೆ ಯಾರೂ ಮುಟ್ಟದ ಬಾವಿಗೋರಿಯೊಂದು ಸಿಕ್ಕಿತು. ಬಾವಿಯ ಆಳ 7.6 ಮೀಟರ್, ತಳದಲ್ಲಿ ಉತ್ತರಕ್ಕೊಂದು ದಕ್ಷಿಣಕ್ಕೊಂದು ಕೋಣೆ, ಒಟ್ಟು ಆರು ಜನ. ಕಾಲ ಕ್ರಿ.ಶ. 1ನೇ ಶತಮಾನದ ಸುಮಾರು. ಮುಖ್ಯನಾದವನು ಸುಮಾರು 45 ವರ್ಷದ ಗಂಡಸು. ಅವನ ಮೈಮೇಲೆ ಹಸಿರುಕಲ್ಲು ಮತ್ತು ಚಿಪ್ಪಿನ ಆಭರಣಗಳು, ಸಾವಿರಾರು ಚಿಪ್ಪಿನ ಮಣಿಗಳನ್ನು ಹೊಲಿದ ಬಟ್ಟೆ, ಪಕ್ಕದಲ್ಲಿ ಬಣ್ಣದ ಲೇಪ ಕೊಟ್ಟ ದೊಡ್ಡ ಶಂಖಗಳು. ಸಮುದ್ರದಿಂದ ದೂರದ ಈ ಜಾಗಕ್ಕೆ ಅಷ್ಟು ಚಿಪ್ಪು ತರಿಸಲು ಆಳು, ಕಾಳು, ನಂಟು ಮೂರೂ ಬೇಕು. ಎಲುಬುಗಳನ್ನು ಪರೀಕ್ಷಿಸಿದಾಗ ಬಹುತೇಕ ಎಲ್ಲರ ಬೆನ್ನುಮೂಳೆಯಲ್ಲೂ ಹುಟ್ಟಿನಿಂದ ಬಂದ ಒಂದೇ ಬಗೆಯ ದೋಷ ಕಂಡಿತು. ಅಂದರೆ ಅವರು ಒಂದೇ ರಕ್ತದವರು. ಕೆಲವರು ಮೊದಲೇ ತೀರಿಕೊಂಡಿದ್ದು, ಮುಖ್ಯನು ಸತ್ತಾಗ ಅವರ ಸುತ್ತಿಟ್ಟ ದೇಹಗಳನ್ನೂ ಒಟ್ಟಿಗೆ ಕೆಳಗಿಳಿಸಿರಬೇಕೆಂಬುದು ಅಗೆದವರ ಅಭಿಪ್ರಾಯ. ಇವರ ಸುತ್ತ ಮಣ್ಣಿನ ಗಂಡುಹೆಣ್ಣು ಬೊಂಬೆಗಳಿದ್ದವು, ಆಹಾರ ತುಂಬಿದ ಪಾತ್ರೆಗಳಿದ್ದವು.

ನನ್ನ ಉತ್ತರದ ತಿರುಳು ಇಲ್ಲಿದೆ. ಮುಟ್ಟದ ಗೋರಿ ತೋರಿಸಿದ್ದು ಒಬ್ಬೊಬ್ಬರ ಪರಲೋಕಯಾತ್ರೆಗಿಂತ ಹೆಚ್ಚಾಗಿ ಒಂದು ಮನೆತನವನ್ನು. ಬೊಂಬೆಗಳನ್ನು ಆ ಮನೆತನದ ಬೆಳಕಿನಲ್ಲಿ ಮತ್ತೊಮ್ಮೆ ನೋಡಿದರೆ ಎಷ್ಟೋ ಸಂಗತಿ ಕೂಡಿ ಬರುತ್ತವೆ. ನಯರೀತ್‌ನ ಗಂಡುಹೆಣ್ಣು ಜೋಡಿಗಳನ್ನು ನೋಡಿ: ಒಂದೇ ನಮೂನೆಯ ಬಟ್ಟೆ, ಕಿವಿಯ ಅಂಚಿನುದ್ದಕ್ಕೂ ಪೋಣಿಸಿದ ಓಲೆಗಳು, ಮೂಗಿಗೆ ಉಂಗುರ, ಅವನ ಕೈಯಲ್ಲಿ ವಾದ್ಯ ಅಥವಾ ಆಯುಧ, ಅವಳ ಕೈಯಲ್ಲಿ ಬಟ್ಟಲು. ಇದು ಮದುವೆಯಿಂದ ಎರಡು ಮನೆತನಗಳು ಕೂಡಿದ್ದನ್ನು ಎಲ್ಲರೆದುರು ಸಾರುವ ಚಿತ್ರ ಎನ್ನಬಹುದು. ಮಣ್ಣಿನ ಪುಟ್ಟ ಮನೆಗಳೂ ಇವೆ. ಅವುಗಳ ಜಗುಲಿಯ ಮೇಲೆ ಹೆಬ್ಬೆರಳ ಗಾತ್ರದ ಜನರು ಗುಂಪಾಗಿ ಕುಳಿತಿದ್ದಾರೆ, ಒಬ್ಬರ ಮುಂದೆ ಊಟದ ರಾಶಿಯಿದೆ, ಇಬ್ಬರು ಒಬ್ಬರ ಹೆಗಲ ಮೇಲೆ ಒಬ್ಬರು ಕೈಹಾಕಿದ್ದಾರೆ, ಮೆಟ್ಟಿಲ ಬಳಿ ನಾಯಿಯೊಂದು ಕಾಯುತ್ತಿದೆ. ಕೆಲವು ಮನೆಗಳು ಎರಡು ಅಂತಸ್ತಿನವು. ಮೇಲಿನದು ಬದುಕಿದ್ದವರ ಮನೆ, ಕೆಳಗಿನದು ಸತ್ತವರ ಕೋಣೆ ಎಂಬ ವ್ಯಾಖ್ಯಾನವಿದೆ. ಅದನ್ನು ಪೂರ್ತಿ ಒಪ್ಪಲಾರೆನಾದರೂ ಬದುಕಿದ್ದವರು ನೆಲದ ಮೇಲೆ ಉಣ್ಣುವಾಗ ಹಿರಿಯರು ನೆಲದಡಿಯಲ್ಲಿ ಜೊತೆಗಿದ್ದರೆಂಬ ಭಾವ ಅಲ್ಲಿತ್ತೆನ್ನಲು ಹಿಂಜರಿಯುವುದಿಲ್ಲ. ಈ ಬೊಂಬೆಗಳು ಸಾವನ್ನು ಚಿತ್ರಿಸುವುದು ಅಪರೂಪ. ಕತ್ತಲ ಕೋಣೆಯೊಳಗೆ ಇಳಿಸಿದ್ದು ಕುಣಿತ, ಚೆಂಡಾಟ, ಔತಣ, ಬಸುರಿ, ಬಾಣಂತಿ, ನಾಯಿಗಳನ್ನು, ಅಂದರೆ ಆ ಮನೆತನ ಏನೇನು ಮಾಡಿ ಮನೆತನವೆನಿಸಿತೋ ಅದನ್ನು.

ತಾಯಂದಿರ ಬೊಂಬೆಗಳ ಪ್ರಶ್ನೆಗೂ ಇದರಿಂದಲೇ ದಾರಿಯಿದೆ. ಕೈಯಲ್ಲಿ ಮಗುವಿರುವ ಹೆಣ್ಣು ಬೊಂಬೆ ಕಂಡೊಡನೆ ಮಾತೃದೇವತೆ ಎನ್ನುವುದು ಎಲ್ಲ ದೇಶದ ವಸ್ತುಸಂಗ್ರಹಾಲಯಗಳಲ್ಲೂ ಇರುವ ಅಭ್ಯಾಸ. ಆದರೆ ಪಶ್ಚಿಮ ಮೆಕ್ಸಿಕೋದ ಈ ಹೆಂಗಸರಿಗೆ ದೇವತೆಯೆಂದು ಗುರುತಿಸುವ ನಿಗದಿತ ಲಾಂಛನಗಳಿಲ್ಲ. ಅವರ ಮೈಮೇಲಿರುವುದು ಹಚ್ಚೆ, ಒಡವೆ, ಆಯಾ ಊರಿನ ಉಡುಗೆ. ಅವರನ್ನು ಮನೆತನವನ್ನು ಬೆಳೆಸಿದ ಹಿರಿಯಳೆಂದು ಓದುವುದು ಹೆಚ್ಚು ಸರಿ. ಪಾಠ ಕಲಿಸುವ ಒಂದು ಹೋಲಿಕೆ ಒವಾಹಾಕ ರಾಜ್ಯದ ಮೊಂತೆ ಅಲ್ಬಾನಿನಲ್ಲಿದೆ. ಅಲ್ಲಿನ ಸಪೊತೆಕ್ ಜನರ ಗೋರಿಗಳಲ್ಲಿ ಸಿಕ್ಕ, ಕುಳಿತ ಮನುಷ್ಯಾಕೃತಿಯ ಮಣ್ಣಿನ ಕಲಶಗಳನ್ನು ಅಲ್ಫೊನ್ಸೊ ಕಾಸೊ ಮೊದಲಾದ ಪುರಾತತ್ವಜ್ಞರು ದೇವರುಗಳ ಪಟ್ಟಿಯಾಗಿ ವಿಂಗಡಿಸಿದ್ದರು. ಆ ಆಕೃತಿಗಳಲ್ಲಿ ಹಲವು ಮಳೆಮಿಂಚಿನ ಶಕ್ತಿಯಾದ ಕೊಸಿಹೊನ ಮುಖವಾಡ ತೊಟ್ಟ ರಾಜಮನೆತನದ ಪೂರ್ವಜರೆಂದು ಪುರಾತತ್ವಜ್ಞೆ ಜಾಯ್ಸ್ ಮಾರ್ಕಸ್ ಆಮೇಲೆ ವಾದಿಸಿದರು. ಮುಖವಾಡ ನೋಡಿ ಅದನ್ನು ತೊಟ್ಟವನನ್ನು ಮರೆತದ್ದಾಗಿತ್ತು.

ಮಾಯಾ ಜನರ ಹೈನಾ ದ್ವೀಪದ ಬೊಂಬೆಗಳನ್ನೂ ನೀವು ಅಲ್ಲಿ ಕಂಡಿರಬಹುದು. ಕಂಪೇಚೆ ಕರಾವಳಿಯ ಈ ಪುಟ್ಟ ದ್ವೀಪದಲ್ಲಿ, ಸುಮಾರು ಕ್ರಿ.ಶ. 600ರಿಂದ 900ರ ನಡುವೆ, ಗೇಣುದ್ದದ ಸೊಗಸಾದ ಬೊಂಬೆಗಳನ್ನು ಸತ್ತವರ ಎದೆಯ ಮೇಲೋ ತೋಳಿನೊಳಗೋ ಇಟ್ಟು ಹೂಳಿದ್ದಾರೆ. ಮುಖ ಅಚ್ಚಿನಲ್ಲಿ ಒತ್ತಿದ್ದು, ಮೈ ಮತ್ತು ಉಡುಗೆ ಕೈಯಲ್ಲಿ ತಿದ್ದಿದ್ದು, ಮೇಲೆ ಅಲ್ಲಲ್ಲಿ ಉಳಿದಿರುವುದು ಮಾಯಾ ನೀಲಿ ಎಂಬ ಬಣ್ಣ. ಅನೇಕ ಬೊಂಬೆಗಳು ಊದಿದರೆ ಪೀಪಿ, ಅಲ್ಲಾಡಿಸಿದರೆ ಗಿಲಕಿ. ಇದೇ ಬಗೆಯ ಬೊಂಬೆಗಳು ಮಾಯಾ ನಾಡಿನ ಬೇರೆ ಊರುಗಳಲ್ಲಿ ಮನೆಯ ಹಿತ್ತಲಿನ ಕಸದ ಗುಂಡಿಗಳಲ್ಲೂ ಹೇರಳವಾಗಿ ಸಿಗುತ್ತವೆ, ಹಾಗಾಗಿ ಅವನ್ನು ಗೋರಿಗೆಂದೇ ಮಾಡಿದ್ದೆನ್ನಲಾಗದು. ಮೆಕ್ಸಿಕೋ ನಗರದ ಅಂಚಿನ ತ್ಲಾತಿಲ್ಕೊದಲ್ಲಿ ಇಟ್ಟಿಗೆಗೆ ಮಣ್ಣು ತೋಡುವವರ ಕೈಗೆ ಸಿಕ್ಕಿ, 1940ರ ದಶಕದಲ್ಲಿ ಅಗೆತಕ್ಕೆ ಕಾರಣವಾದ, ಮೂರು ಸಾವಿರ ವರ್ಷ ಹಳೆಯ ಹೆಣ್ಣು ಬೊಂಬೆಗಳ ಕಥೆಯೂ ಹೀಗೆಯೇ.

ಕೊನೆಯದಾಗಿ, ಕೊಳ್ಳುವ ವಿಷಯ. ಕೊಳ್ಳಬೇಡಿ. ಮಾರಾಟಕ್ಕಿರುವ ನಾಯಿ ಒಂದೋ ನಕಲಿ, ಇಲ್ಲವೇ ಗೋರಿಯಿಂದ ಕದ್ದದ್ದು. ಇವೆರಡೂ ಅಲ್ಲದ, ಹಳೆಯ ಸಂಗ್ರಹದಿಂದ ಕಾಗದಪತ್ರ ಸಮೇತ ಬಂದ ವಸ್ತು ಆನ್‌ಲೈನಿನಲ್ಲಿ ಸಿಗುವ ಸಂಭವ ತೀರಾ ಕಡಿಮೆ. ಮೆಕ್ಸಿಕೋದ 1972ರ ಕಾನೂನಿನ ಪ್ರಕಾರ ಇಂಥ ವಸ್ತುಗಳೆಲ್ಲ ರಾಷ್ಟ್ರದ ಸ್ವತ್ತು, ಅವನ್ನು ದೇಶದಿಂದ ಹೊರಗೆ ಮಾರುವಂತಿಲ್ಲ. ಕಾಕತಾಳೀಯವೆಂಬಂತೆ ನಮ್ಮ ಪ್ರಾಚೀನ ವಸ್ತುಗಳ ಕಾಯ್ದೆಯೂ ಅದೇ ವರ್ಷದ್ದು. ನಕಲಿಯ ವಿಷಯಕ್ಕೆ ಬಂದರೆ, ವೆರಾಕ್ರುಸ್ ರಾಜ್ಯದ ಬ್ರಿಹಿದೊ ಲಾರಾ ಎಂಬ ಕುಶಲಕರ್ಮಿಯನ್ನು 1974ರಲ್ಲಿ ಪ್ರಾಚೀನ ಬೊಂಬೆಗಳ ಕಳ್ಳನೆಂದು ಬಂಧಿಸಿದಾಗ, ಅವೆಲ್ಲ ತಾನೇ ಮಾಡಿದವೆಂದು ಹೇಳಿ, ಸೆರೆಮನೆಗೇ ಮಣ್ಣು ತರಿಸಿಕೊಂಡು ಅಂಥವೇ ಬೊಂಬೆಗಳನ್ನು ಮಾಡಿ ತೋರಿಸಿ ಆತ ಬಿಡುಗಡೆಯಾದ. ತಜ್ಞರು ಅವನ ಕೆಲಸವನ್ನು ಅಸಲಿಯೆಂದು ಒಪ್ಪಿದ್ದರು. ಆಮೇಲೆ ಅವನಿಗೆ ವಸ್ತುಸಂಗ್ರಹಾಲಯದಲ್ಲಿಯೇ ಕೆಲಸ ಸಿಕ್ಕಿತು.

ಮೇಲೆ ಹೇಳಿದ ಕಪ್ಪು ಚುಕ್ಕೆಗಳು ಬೇಕಾಗುವುದು ಇಲ್ಲಿಯೇ. ತೇವದ ಗೋರಿಯಲ್ಲಿ ಶತಮಾನಗಳ ಕಾಲ ಸೂಕ್ಷ್ಮಜೀವಿಗಳು ಮ್ಯಾಂಗನೀಸನ್ನು ಬೊಂಬೆಯ ಮೇಲ್ಮೈಯಲ್ಲಿ ಗಟ್ಟಿಗೊಳಿಸುವುದರಿಂದ ಆ ಚುಕ್ಕೆಗಳು ಮೂಡುತ್ತವೆ. ನಕಲಿ ಮಾಡುವವರಿಗೂ ಇದು ತಿಳಿದಿದೆ, ಅವರು ಕಪ್ಪು ಬಣ್ಣ ಚಿಮುಕಿಸುತ್ತಾರೆ. ವಿತ್ಸಿಲಾಪಾದ ಎಲುಬುಗಳನ್ನು ಪರೀಕ್ಷಿಸಿದ ರಾಬರ್ಟ್ ಪಿಕರಿಂಗ್ ಇಂಥ ಚುಕ್ಕೆಗಳನ್ನು ಸೂಕ್ಷ್ಮದರ್ಶಕದಡಿ ನೋಡುವುದರ ಜೊತೆಗೆ ಮತ್ತೊಂದನ್ನೂ ಹುಡುಕುತ್ತಿದ್ದರು: ಹೂಳಿದ ದೇಹಕ್ಕೆ ಮುತ್ತಿದ ಕೀಟಗಳು ಪಕ್ಕದ ಬೊಂಬೆಯ ಮೇಲೆ ಬಿಟ್ಟುಹೋದ ಕೋಶದ ಸಿಪ್ಪೆಗಳು. ಮೈಮೇಲೆ ಅವು ಅಂಟಿಕೊಂಡಿರುವ ನಾಯಿ ಮಾತ್ರ, ತಾನು ಒಮ್ಮೆ ಸತ್ತವರೊಬ್ಬರ ಪಕ್ಕದಲ್ಲಿ ಮಲಗಿದ್ದೆನೆಂದು ಯಾರ ಕಥೆಯ ನೆರವೂ ಇಲ್ಲದೆ ಹೇಳಬಲ್ಲದು.